ಮೀಣ್ಯಂ ದಾಳಿಯಲ್ಲಿ ಮಡಿದ ಶಕೀಲ್ ಅಹಮದ್

ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ 1992ರ ಆಗಸ್ಟ್ 14ರಂದು ಮೀಣ್ಯಂ ಬಳಿಯ ಕಾಡಿನಲ್ಲಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದ ಯುವ ಅಧಿಕಾರಿ. ಮೈಸೂರು ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟ್ ಟಿ. ಹರಿಕೃಷ್ಣ ಮತ್ತು ನಾಲ್ವರು ಪೊಲೀಸರು ಅದೇ ದಾಳಿಯಲ್ಲಿ ಮಡಿದರು. ಕರ್ನಾಟಕದಲ್ಲಿ ಒಂದು ಜಿಲ್ಲೆಯ ಪೊಲೀಸ್ ಮುಖ್ಯಸ್ಥನೇ ಕಾಡುಗಳ್ಳರ ಕೈಯಲ್ಲಿ ಸತ್ತ ಘಟನೆ ಎಂದು ಇದು ಅಂದು ನಾಡನ್ನು ನಡುಗಿಸಿತ್ತು. ವೀರಪ್ಪನ್ ಬಗ್ಗೆ ಬಂದಿರುವ ಪುಸ್ತಕ, ಸಿನಿಮಾಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಶಕೀಲ್ ಹೆಸರು ಬಂದರೂ ಬಹುತೇಕ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ 1992ರ ಘಟನೆಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದರೆ ಅವುಗಳ ನಡುವೆ ನಿಂತಿರುವವರು ಈ ಯುವಕನೇ.

ಮೀಣ್ಯಂ ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಊರು. 1997ರವರೆಗೆ ಈ ಸೀಮೆಯೆಲ್ಲ ಮೈಸೂರು ಜಿಲ್ಲೆಯದೇ ಭಾಗವಾಗಿತ್ತು. ರಾಮಾಪುರ, ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ, ಪಾಲಾರ್ ಎಲ್ಲವೂ ಕರ್ನಾಟಕ ಮತ್ತು ತಮಿಳುನಾಡಿನ ಗಡಿಗೆ ಅಂಟಿಕೊಂಡ ಗುಡ್ಡಗಾಡು. ಒಂದು ರಾಜ್ಯದ ಪೊಲೀಸರು ಬೆನ್ನಟ್ಟಿದರೆ ಗಡಿ ದಾಟಿ ಇನ್ನೊಂದು ರಾಜ್ಯದ ಕಾಡಿಗೆ ಸೇರಿಕೊಳ್ಳಬಹುದಿತ್ತು. ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಮೊದಲು ಆನೆದಂತಕ್ಕಾಗಿ, ಆಮೇಲೆ ಶ್ರೀಗಂಧಕ್ಕಾಗಿ ಈ ಕಾಡನ್ನು ಸೂರೆ ಮಾಡಿದ. 1990ರಲ್ಲಿ ಕರ್ನಾಟಕ ಸರ್ಕಾರ ಅವನ ಬೇಟೆಗೆಂದೇ ವಿಶೇಷ ಕಾರ್ಯಪಡೆ ರಚಿಸಿತು. ಮರುವರ್ಷ ನವೆಂಬರ್ 10ರಂದು, ಗೋಪಿನಾಥಂ ಜನರ ಪ್ರೀತಿ ಗಳಿಸಿ ಹಲವರನ್ನು ಕಳ್ಳಸಾಗಣೆಯಿಂದ ಬಿಡಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗುವ ನೆಪದಲ್ಲಿ ಕರೆಸಿಕೊಂಡು ಕೊಂದದ್ದು ಇದೇ ಕಾಡಿನಲ್ಲಿ. ಮರಣಾನಂತರ ಅವರಿಗೆ ಕೀರ್ತಿ ಚಕ್ರ ಸಂದಿತು.

ಇಂಥ ಸೀಮೆಯಲ್ಲಿ ಬಂದೂಕಿಗಿಂತ ಸುಳಿವಿಗೇ ಬೆಲೆ ಹೆಚ್ಚು. ಯಾವ ಹಾಡಿಗೆ ಅಕ್ಕಿ ಹೋಗುತ್ತಿದೆ, ಯಾರ ಮನೆಗೆ ರಾತ್ರಿ ಯಾರು ಬಂದರು ಎಂಬುದು ಪೊಲೀಸರಿಗೆ ಬಾತ್ಮೀದಾರರಿಂದಲೇ ತಿಳಿಯಬೇಕು. ಆ ಬಾತ್ಮೀದಾರರ ಜೀವವೂ ಕೂದಲೆಳೆಯಲ್ಲಿ ತೂಗುತ್ತಿರುತ್ತದೆ. ಈ ಕೆಲಸ ಹಿರಿಯ ಅಧಿಕಾರಿಗಳ ಮೇಜಿನ ಮೇಲೆ ಆಗುವಂಥದ್ದಲ್ಲ. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಊರೂರು ತಿರುಗಿ ಕಟ್ಟಿಕೊಳ್ಳಬೇಕಾದ ನಂಬಿಕೆ ಅದು. ಶಕೀಲ್ ಅಹಮದ್ ಈ ಬಗೆಯ ಅಧಿಕಾರಿ. 1992ರ ಆರಂಭದಲ್ಲಿ ವೀರಪ್ಪನ್‌ನ ಬಲಗೈಯಂತಿದ್ದ ಗುರುನಾಥನ್ ಸಿಕ್ಕಿಬಿದ್ದದ್ದಕ್ಕೆ ಶಕೀಲ್ ಒಬ್ಬರೇ ಕಾರಣರೆಂದು ಹೇಳಲಾಗುತ್ತದೆ. ಗುರುನಾಥನ್ ಪೊಲೀಸರ ಗುಂಡಿಗೆ ಸತ್ತ. ಅಂದಿನಿಂದ ಶಕೀಲ್ ಹೆಸರು ವೀರಪ್ಪನ್‌ನ ಹಗೆಯ ಪಟ್ಟಿಯಲ್ಲಿ ಮೊದಲ ಸಾಲಿಗೆ ಬಂತು.

ಸೇಡು ಎರಡು ಹಂತಗಳಲ್ಲಿ ಬಂತು. ಮೂರು ತಿಂಗಳ ನಂತರ, ಮೇ ತಿಂಗಳಲ್ಲಿ, ತಂಡ ರಾತ್ರಿ ಹೊತ್ತಿನಲ್ಲಿ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದು, ಬಂದೂಕು, ಮದ್ದುಗುಂಡುಗಳನ್ನು ಹೊತ್ತೊಯ್ದಿತು. ಪೊಲೀಸರನ್ನು ಕಾಡಿನಲ್ಲಿ ಎದುರಿಸುವುದು ಬೇರೆ, ಅವರ ಮನೆಯಂತಿರುವ ಠಾಣೆಗೇ ಬಂದು ಹೊಡೆಯುವುದು ಬೇರೆ. ಗಡಿಭಾಗದ ಪ್ರತಿ ಠಾಣೆಯಲ್ಲೂ ಅಂದಿನಿಂದ ರಾತ್ರಿ ಪಾಳಿ ಎಂದರೆ ಜೀವ ಕೈಯಲ್ಲಿ ಹಿಡಿದು ಕೂರುವುದೇ ಆಯಿತು. ಆಗಸ್ಟ್‌ನಲ್ಲಿ ಎರಡನೆಯ ಏಟು. ಈ ಬಾರಿ ಗುರಿ ಠಾಣೆಯಲ್ಲ, ಶಕೀಲ್. ಅವರ ಬಲವಾಗಿದ್ದ ಸುಳಿವಿನ ಜಾಲವನ್ನೇ ವೀರಪ್ಪನ್ ಬಲೆಯಾಗಿ ತಿರುಗಿಸಿದ. ಹೋದರೆ ಸಿಗುತ್ತಾನೆ ಎಂಬ ನಂಬಿಕೆಯಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಶಕೀಲ್ ತಮ್ಮ ಪಡೆಯೊಂದಿಗೆ ಹೊರಟರು. ಮೀಣ್ಯಂ ಬಳಿ ವಾಹನಗಳು ಬರುವುದನ್ನೇ ಕಾದು ಕುಳಿತಿದ್ದ ತಂಡ ಗುಂಡಿನ ಮಳೆ ಸುರಿಸಿತು. ಜಿಲ್ಲೆಯ ಎಸ್‌ಪಿ ತನ್ನ ಸಬ್ ಇನ್‌ಸ್ಪೆಕ್ಟರ್‌ನನ್ನು ಮುಂದೆ ಕಳಿಸಿ ಹಿಂದೆ ಉಳಿಯಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಇಬ್ಬರೂ ಒಂದೇ ದಾರಿಯಲ್ಲಿ ಹೋದರು, ಒಂದೇ ದಾರಿಯಲ್ಲಿ ಬಿದ್ದರು.

ಮುಂದಿನ ವರ್ಷ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಅದರ ಬೆನ್ನಿಗೆ ಗಡಿ ಭದ್ರತಾ ಪಡೆ ಬಂತು. ಕರ್ನಾಟಕದ ಕಡೆ ಶಂಕರ್ ಬಿದರಿ, ತಮಿಳುನಾಡಿನ ಕಡೆ ವಾಲ್ಟರ್ ದೇವಾರಂ ಕಾರ್ಯಾಚರಣೆಯ ಹೊಣೆ ಹೊತ್ತರು. ಬಂಧಿತರ ಮೇಲೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಮೊಕದ್ದಮೆಗಳು ದಾಖಲಾಗಿ ಮೈಸೂರಿನ ನಿಯೋಜಿತ ನ್ಯಾಯಾಲಯದ ಮುಂದೆ ಬಂದವು.

ಕರ್ತವ್ಯದಲ್ಲಿ ಸತ್ತ ಪೊಲೀಸರನ್ನು ನೆನೆಯುವ ಪದ್ಧತಿ ಮೀಣ್ಯಂ ದಾಳಿಗಿಂತ ಮೂರು ದಶಕ ಹಳೆಯದು. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ, ಹಿಂದಿನ ದಿನ ಕಾಣೆಯಾಗಿದ್ದ ಸಂಗಾತಿಗಳನ್ನು ಹುಡುಕಲು ಕರಮ್ ಸಿಂಗ್ ಮುಂದಾಳತ್ವದಲ್ಲಿ ಹೊರಟ ಪೊಲೀಸ್ ಪಡೆಯ ಮೇಲೆ ಚೀನಾ ಸೈನಿಕರು ಗುಡ್ಡದ ಮೇಲಿಂದ ಗುಂಡು ಹಾರಿಸಿದರು. ಹತ್ತು ಮಂದಿ ಸತ್ತರು. ಅವರ ದೇಹಗಳನ್ನು ಚೀನಾ ನವೆಂಬರ್ 13ರಂದು ಒಪ್ಪಿಸಿತು. 1960ರ ಜನವರಿಯಲ್ಲಿ ಸೇರಿದ ರಾಜ್ಯಗಳ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ ಆ ದಿನವನ್ನು ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನವಾಗಿ ಆಚರಿಸಲು ತೀರ್ಮಾನಿಸಿತು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಸಶಸ್ತ್ರ ಮೀಸಲು ಪಡೆಯ ಕೇಂದ್ರದಲ್ಲಿ, ಜಿಲ್ಲೆಗಳಲ್ಲಿ ಆಯಾ ಪೊಲೀಸ್ ಕವಾಯತು ಮೈದಾನದಲ್ಲಿ ಆಚರಣೆ ನಡೆಯುತ್ತದೆ. ಆ ವರ್ಷ ಮಡಿದವರ ಹೆಸರುಗಳನ್ನು ಓದಿ, ಪುಷ್ಪಗುಚ್ಛ ಇಟ್ಟು, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. 2018ರ ಅಕ್ಟೋಬರ್ 21ರಂದು ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆಯಾದಾಗ ಅಲ್ಲಿನ ಗೋಡೆಯ ಮೇಲೆ 34 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು.

ಶಕೀಲ್ ಅವರ ಹೆಸರು ಮಾತ್ರ ಕವಾಯತು ಮೈದಾನ ದಾಟಿ ಬೇರೊಂದು ಕಡೆ ಉಳಿಯಿತು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಮೈಸೂರಿನಲ್ಲಿ ಟಾಡಾ ಅಡಿ ಬಂಧನದಲ್ಲಿದ್ದ ತನ್ನ ಕಡೆಯ 51 ಮಂದಿಯನ್ನು ಬಿಡಬೇಕೆಂಬುದು ಅವನ ಬೇಡಿಕೆಗಳಲ್ಲಿ ಒಂದು. ನಾಡು ಕುದಿಯುತ್ತಿತ್ತು. ಸರ್ಕಾರ ಬಗ್ಗಿತು. ವಿಶೇಷ ಸರ್ಕಾರಿ ಅಭಿಯೋಜಕರು ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಡಿ ಟಾಡಾ ಆರೋಪಗಳನ್ನು ಹಿಂಪಡೆಯಲು ಅರ್ಜಿ ಹಾಕಿದರು, ಮೈಸೂರಿನ ನ್ಯಾಯಾಲಯ ಒಪ್ಪಿತು. ಆಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವರು ಶಕೀಲ್ ಅವರ ತಂದೆ, ನಿವೃತ್ತ ಪೊಲೀಸ್ ಅಧಿಕಾರಿ ಅಬ್ದುಲ್ ಕರೀಂ.

ಆ ದಿನಗಳಲ್ಲಿ ಈ ಕೆಲಸಕ್ಕೆ ಎಂಥ ಗಟ್ಟಿತನ ಬೇಕಿತ್ತೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣಾವ್ರು ಹೇಗಾದರೂ ಮರಳಲಿ ಎಂದು ಊರೂರುಗಳಲ್ಲಿ ಪೂಜೆ ನಡೆಯುತ್ತಿದ್ದಾಗ, ಬಿಡುಗಡೆಯ ದಾರಿಗೆ ಈ ಅರ್ಜಿ ಅಡ್ಡ ಬಂದಂತೆ ಹಲವರಿಗೆ ಕಂಡಿತು. ಕರೀಂ ಅವರ ಪ್ರಶ್ನೆ ಕಾನೂನಿನದು. ಕೊಲೆಯ ಆರೋಪ ಹೊತ್ತವರನ್ನು ಒತ್ತೆಯ ಬೆಲೆಯಾಗಿ ಬಿಡಲು ಸರ್ಕಾರಕ್ಕೆ ಅಧಿಕಾರವಿದೆಯೇ? 2000ದ ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರಿದ್ದ ಪೀಠ ಮೈಸೂರು ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಮೊಕದ್ದಮೆ ಹಿಂಪಡೆಯುವ ಮುನ್ನ ಅಭಿಯೋಜಕ ಸ್ವತಂತ್ರವಾಗಿ ಯೋಚಿಸಿರಬೇಕು, ಅದು ನಿಜಕ್ಕೂ ಸಾರ್ವಜನಿಕ ಹಿತಕ್ಕಾಗಿಯೇ ಎಂದು ನ್ಯಾಯಾಲಯವೂ ತೂಗಿ ನೋಡಬೇಕು, ಸರ್ಕಾರ ಹೇಳಿತೆಂದು ಒಪ್ಪುವಂತಿಲ್ಲ ಎಂಬುದು ತೀರ್ಪಿನ ತಿರುಳು. ತೀರ್ಪಿನ ಎಂಟನೆಯ ದಿನ, ನವೆಂಬರ್ 15ರಂದು, ರಾಜ್‌ಕುಮಾರ್ ಸುರಕ್ಷಿತವಾಗಿ ಬಿಡುಗಡೆಯಾದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಬಂಧಿತರಲ್ಲಿ ವರ್ಷಗಟ್ಟಲೆ ಜಾಮೀನಿಲ್ಲದೆ ಕೊಳೆತ ಬಡ ಹಳ್ಳಿಗರೂ ಇದ್ದರು. 2001ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ನಿರ್ದೋಷಿಗಳೆಂದು ಹೊರಬಂದರು. ಕಾರ್ಯಪಡೆಗಳ ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಲು ಶಿಫಾರಸು ಮಾಡಿತು. ಹಳ್ಳಿಗರ ಈ ನೋವನ್ನು ಮುಚ್ಚಿಟ್ಟು ಮೀಣ್ಯಂನಲ್ಲಿ ಬಿದ್ದವರಿಗೆ ಗೌರವ ಸಲ್ಲಿಸಬೇಕಾಗಿಲ್ಲ. ವಿಚಾರಣೆ ಕೊನೆಯವರೆಗೆ ನಡೆದು, ತಪ್ಪಿತಸ್ಥರು ಯಾರು, ಅಲ್ಲದವರು ಯಾರು ಎಂದು ನ್ಯಾಯಾಲಯವೇ ಬೇರ್ಪಡಿಸಿದ್ದು ಇಬ್ಬರಿಗೂ ಸಂದ ನ್ಯಾಯ.

ವೀರಪ್ಪನ್ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪರಪಟ್ಟಿ ಬಳಿ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತ. ಅಬ್ದುಲ್ ಕರೀಂ ಪ್ರಕರಣ ಕಾನೂನು ವರದಿಗಳಲ್ಲಿದೆ. ಸರ್ಕಾರಗಳು ಮೊಕದ್ದಮೆ ಹಿಂಪಡೆಯಲು ಹೊರಟಾಗ ವಕೀಲರು ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ.