ಕೊಪ್ಪಳ ಸೀಮೆಯ ರಕ್ತಶರ್ಕರೆಯ ಅಂಕಿಗಳು: ಅಳತೆಯ ಉಪಕರಣಗಳ ಐತಿಹಾಸಿಕ ವಿವೇಚನೆ

ಶಾಸನವನ್ನಾಗಲಿ ಕಡತವನ್ನಾಗಲಿ ಕೈಗೆತ್ತಿಕೊಂಡ ಇತಿಹಾಸದ ವಿದ್ಯಾರ್ಥಿಯು ಅದರಲ್ಲಿ ಏನಿದೆಯೆಂದು ಕೇಳುವುದಕ್ಕೆ ಮೊದಲು, ಅದನ್ನು ಬರೆಸಿದವರು ಯಾರು, ಯಾವ ಸಂದರ್ಭದಲ್ಲಿ ಬರೆಸಿದರು, ಅದು ಎಷ್ಟರಮಟ್ಟಿಗೆ ವಿಶ್ವಾಸಾರ್ಹವೆಂದು ವಿಚಾರಿಸುವುದು ರೂಢಿ. ಅಂಕಿಗಳ ವಿಷಯದಲ್ಲಿ ಮಾತ್ರ ನಾವು ಈ ಎಚ್ಚರಿಕೆಯನ್ನು ಸುಲಭವಾಗಿ ಮರೆಯುತ್ತೇವೆ. ಮಧುಮೇಹದ ಅಂಕಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದುವು. ಕುಕನೂರು, ಕಾರಟಗಿ, ಕನಕಗಿರಿಗಳು ತಾಲ್ಲೂಕುಗಳಾದುದು ಆಮೇಲೆ. ಆದುದರಿಂದ 1997ಕ್ಕಿಂತ ಹಿಂದಿನ ಜಿಲ್ಲಾವಾರು ಅಂಕಿಗಳೇನಿದ್ದರೂ ಅವು ರಾಯಚೂರಿನ ಲೆಕ್ಕದಲ್ಲಿ ಸೇರಿಹೋಗಿವೆ. ಈಚಿನ ಅಂಕಿಗಳಾದರೋ ಬೆರಳ ತುದಿಯ ಒಂದು ಹನಿ ರಕ್ತದಿಂದ, ಮನೆಗಳಲ್ಲಿ ಬಳಸುವ ಗ್ಲುಕೋಮೀಟರಿನ ಜಾತಿಯ ಸಣ್ಣ ಯಂತ್ರಗಳಿಂದ ಹೊರಟಂಥವು. ಈ ಯಂತ್ರವೆಂಬ ಸಾಕ್ಷಿಯ ಮಾತು ಎಷ್ಟು ನಂಬತಕ್ಕದ್ದೆಂಬುದೇ ಪ್ರಸ್ತುತ ಲೇಖನದ ವಿಷಯ.

ಸಿಹಿಯನ್ನು ಗುರುತಿಸುವುದಕ್ಕೂ ಅಳೆಯುವುದಕ್ಕೂ ಬಹಳ ಅಂತರವಿದೆ. ನಮ್ಮ ಆಯುರ್ವೇದ ಗ್ರಂಥಕಾರರು ಪ್ರಮೇಹದಲ್ಲಿ ಇಪ್ಪತ್ತು ಬಗೆಗಳನ್ನು ಎಣಿಸಿ, ಮಧುಮೇಹದಲ್ಲಿ ಮೂತ್ರಕ್ಕೆ ಜೇನಿನ ಗುಣವಿರುವುದನ್ನೂ ಅದಕ್ಕೆ ಇರುವೆ ಮುತ್ತುವುದನ್ನೂ ಗಮನಿಸಿದ್ದರು. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಬತ್ತಿಸಿ ಉಳಿದ ವಸ್ತು ಸಕ್ಕರೆಯೆಂದು ತೋರಿಸಿದನು. ರಕ್ತದ ದ್ರವವೂ ಸಿಹಿಯಾಗಿರುವುದನ್ನು ಗುರುತಿಸಿದನು. ಇವೆಲ್ಲ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೇಳುವ ಪರೀಕ್ಷೆಗಳು. ಎಷ್ಟಿದೆಯೆಂಬುದನ್ನು ತಕ್ಕಮಟ್ಟಿಗಾದರೂ ಹೇಳುವ ಸುಲಭ ಉಪಾಯ ದೊರೆತುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಸ್ಟಾನ್ಲಿ ಬೆನೆಡಿಕ್ಟನ ತಾಮ್ರದ ದ್ರಾವಣದಿಂದ. ಐದು ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರವನ್ನು ಹಾಕಿ ಕಾಯಿಸಿದರೆ, ಸಕ್ಕರೆ ಹೆಚ್ಚಿದಂತೆ ಬಣ್ಣವು ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುವುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಇದನ್ನು ಮಾಡದ ವಿಜ್ಞಾನದ ವಿದ್ಯಾರ್ಥಿಗಳು ವಿರಳ. ಒಂದು ಸ್ಪಿರಿಟ್ ದೀಪವೂ ಗಾಜಿನ ನಳಿಕೆಯೂ ಇದ್ದರೆ ಸಾಕಾಗುತ್ತಿದ್ದುದರಿಂದ ಸಣ್ಣ ಆಸ್ಪತ್ರೆಗಳಲ್ಲಿಯೂ ಕೆಲವು ಮನೆಗಳಲ್ಲಿಯೂ ಇದು ದೀರ್ಘಕಾಲ ನಡೆದುಬಂದಿತು.

ಈ ಪರೀಕ್ಷೆಯ ದೋಷವು ಬಣ್ಣದಲ್ಲಿರಲಿಲ್ಲ, ಮೂತ್ರದಲ್ಲಿಯೇ ಇದ್ದಿತು. ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರುವವರೆಗೆ ಮೂತ್ರಪಿಂಡವು ಅದನ್ನು ಸಾಮಾನ್ಯವಾಗಿ ಹೊರಬಿಡದು. ವೃದ್ಧರಲ್ಲಿ ಈ ಮಿತಿ ಇನ್ನೂ ಮೇಲಿರಬಹುದು, ಗರ್ಭಿಣಿಯರಲ್ಲಿ ಕೆಳಗಿಳಿಯಬಹುದು. ಮೇಲಾಗಿ ಮೂತ್ರವು ಕೆಲವು ಗಂಟೆಗಳ ಹಿಂದಿನ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಈ ಕ್ಷಣದ್ದನ್ನಲ್ಲ. 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದ ಮೇಲೆ ಈ ಕೊರತೆ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದ್ದಾಯಿತು. ಏಕೆಂದರೆ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಅಪಾಯಕರವಾಗಿ ಇಳಿದವನ ಮೂತ್ರವೂ, ಆರೋಗ್ಯವಂತನ ಮೂತ್ರವೂ, ಬೆನೆಡಿಕ್ಟನ ದ್ರಾವಣಕ್ಕೆ ಒಂದೇ ನೀಲಿ.

ರಕ್ತವನ್ನೇ ಪರೀಕ್ಷಿಸುವ ಫೋಲಿನ್ ಮತ್ತು ವೂ ಅವರ ವಿಧಾನವು 1919-20ರ ಸುಮಾರಿಗೆ ಬಂದಿತು. ಅದು ಗ್ಲುಕೋಸಿನ ಜೊತೆಗೆ ತಾಮ್ರವನ್ನು ಅಪಕರ್ಷಿಸುವ ಇತರ ವಸ್ತುಗಳನ್ನೂ ಸೇರಿಸಿ ಎಣಿಸುತ್ತಿದ್ದುದರಿಂದ ಅಂಕಿ ನಿಜಕ್ಕಿಂತ ಮೇಲಿರುತ್ತಿತ್ತು. ಗ್ಲುಕೋಸನ್ನು ಮಾತ್ರ ಆರಿಸಿಕೊಳ್ಳುವ ಕಿಣ್ವವು ಬಳಕೆಗೆ ಬಂದಮೇಲೆ, 1960ರ ದಶಕದ ಮಧ್ಯದಲ್ಲಿ ಅಮೆರಿಕದ ಏಮ್ಸ್ ಕಂಪನಿಯು ಡೆಕ್ಸ್‌ಟ್ರೋಸ್ಟಿಕ್ಸ್ ಎಂಬ ಕಾಗದದ ಪಟ್ಟಿಯನ್ನು ಹೊರತಂದಿತು. ಅದರ ಮೇಲೆ ರಕ್ತದ ಹನಿಯನ್ನಿಟ್ಟು, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಬಣ್ಣವನ್ನು ಕಣ್ಣಳತೆಯಿಂದ ಹೋಲಿಸಬೇಕಾಗಿತ್ತು. ಕಣ್ಣಿನ ಬದಲು ಬೆಳಕಿನ ಪ್ರತಿಫಲನದಿಂದ ಓದುವ ಯಂತ್ರವು 1970ರ ಹೊತ್ತಿಗೆ ಬಂದಿತು. ಒಂದು ಕಿಲೋಗ್ರಾಮಿಗೂ ಹೆಚ್ಚು ತೂಕದ ಈ ಯಂತ್ರ ವೈದ್ಯರಿಗೆಂದು ಮಾಡಿದುದು. ರಿಚರ್ಡ್ ಬರ್ನ್‌ಸ್ಟೀನ್ ಎಂಬ ಮಧುಮೇಹಿ ಇಂಜಿನಿಯರನು ವೈದ್ಯೆಯಾಗಿದ್ದ ತನ್ನ ಪತ್ನಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿದನು. ರೋಗಿಗಳು ಮನೆಯಲ್ಲಿಯೇ ಈ ಕಾರ್ಯವನ್ನು ನಿರ್ವಹಿಸಬಲ್ಲರೆಂಬ ಬ್ರಿಟಿಷ್ ವೈದ್ಯರ ಲೇಖನಗಳು 1978ರಲ್ಲಿ ಪ್ರಕಟವಾದುವು. ಬಣ್ಣಕ್ಕೆ ಬದಲಾಗಿ ವಿದ್ಯುತ್ಪ್ರವಾಹವನ್ನು ಅಳೆಯುವ, ಲೇಖನಿಯ ಗಾತ್ರದ ಯಂತ್ರ 1987ರದು.

ಯಂತ್ರವು ಮನೆಗೆ ಬಂದಿತು. ಆದರೆ ಪ್ರಯೋಗಶಾಲೆಯ ನಿಖರತೆ ಅದರೊಡನೆ ಪೂರ್ಣವಾಗಿ ಬರಲಿಲ್ಲ. ಇದನ್ನು ಅಂತರರಾಷ್ಟ್ರೀಯ ಮಾನಕವೇ ಒಪ್ಪಿಕೊಂಡಿದೆ. 2003ರ ಐಎಸ್‌ಒ 15197ರ ಪ್ರಕಾರ, ಸಕ್ಕರೆಯು 75 ಮಿಲಿಗ್ರಾಂ ಅಥವಾ ಹೆಚ್ಚಿದ್ದಾಗ ನೂರಕ್ಕೆ 95 ಫಲಿತಾಂಶಗಳು ನಿಜದಿಂದ ಶೇಕಡ 20ರೊಳಗಿದ್ದರೆ ಸಾಕು. 2013ರಲ್ಲಿ ಇದನ್ನು ಬಿಗಿಗೊಳಿಸಿ, 100 ಮತ್ತು ಅದಕ್ಕಿಂತ ಮೇಲೆ ಶೇಕಡ 15, ಕೆಳಗೆ 15 ಮಿಲಿಗ್ರಾಂ ಎಂದು ಗೊತ್ತುಮಾಡಲಾಯಿತು. ನಿಜವಾದ ಪ್ರಮಾಣ 200 ಆಗಿದ್ದರೆ ಯಂತ್ರವು 170 ಎಂದರೂ 230 ಎಂದರೂ ಅದು ಮಾನಕವನ್ನು ಮೀರಿದಂತಾಗದು. 58ಕ್ಕೆ ಇಳಿದವನಿಗೆ 73 ಎಂದು ತೋರಿಸಿದರೂ ಹಾಗೆಯೇ. ಇನ್ಸುಲಿನ್ ತೆಗೆದುಕೊಳ್ಳುವವನಿಗೆ ಮೊದಲನೆಯದಕ್ಕಿಂತ ಈ ಎರಡನೆಯ ತಪ್ಪು ಹೆಚ್ಚು ಭಯಂಕರವೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲ ತಪ್ಪುಗಳೂ ಸಮಾನವಲ್ಲವೆಂಬ ಈ ವಿವೇಚನೆಯನ್ನೇ 1987ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಒಂದು ನಕ್ಷೆಯ ರೂಪಕ್ಕಿಳಿಸಿ, ಚಿಕಿತ್ಸೆಯನ್ನು ದಾರಿ ತಪ್ಪಿಸುವ ದೋಷಗಳನ್ನು ಉಳಿದವುಗಳಿಂದ ವಿಂಗಡಿಸಿದರು.

ಇನ್ನು ನಮ್ಮ ಸೀಮೆಯ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು 2015-16ರಲ್ಲಿಯೂ ಐದನೆಯದು 2019-21ರಲ್ಲಿಯೂ ನಡೆದುವು. ಎರಡರಲ್ಲಿಯೂ ಕೊಪ್ಪಳ ಜಿಲ್ಲೆಗೆ ಪ್ರತ್ಯೇಕ ಅಂಕಿಪತ್ರವುಂಟು. ಎರಡರಲ್ಲಿಯೂ ರಕ್ತಶರ್ಕರೆಯ ಸಾಲುಗಳುಂಟು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಐದು ವರ್ಷಗಳಲ್ಲಿ ರೋಗವು ಎಷ್ಟು ಏರಿತೆಂದು ಹೇಳುವ ಆಸೆ ಯಾರಿಗಾದರೂ ಆಗುವುದು ಸಹಜ. ಆದರೆ ಹಾಗೆ ಹೇಳಲು ಬರುವಂತಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಬಳಸಿದುದು ಫ್ರೀಸ್ಟೈಲ್ ಆಪ್ಟಿಯಂ ಎಚ್ ಎಂಬ ಯಂತ್ರ; ಐದನೆಯದರಲ್ಲಿ ಅಕ್ಯುಚೆಕ್ ಪರ್ಫಾರ್ಮಾ. ಮೊದಲನೆಯದರಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರನ್ನೂ 15ರಿಂದ 54ರ ಪುರುಷರನ್ನೂ ಪರೀಕ್ಷಿಸಿದ್ದರು. ಎರಡನೆಯದರಲ್ಲಿ 15 ದಾಟಿದ ಎಲ್ಲರನ್ನೂ. ವೃದ್ಧರು ಸೇರಿದ ಮೇಲೆ ಪ್ರಮಾಣವು ಏರದೆ ಹೇಗಿದ್ದೀತು? ಇದಕ್ಕಿಂತಲೂ ಸೂಕ್ಷ್ಮವಾದ ಬಲೆಯೊಂದಿದೆ. ಮೊದಲ ಪತ್ರದಲ್ಲಿ ‘ಹೆಚ್ಚು’ ಎಂದರೆ 140ಕ್ಕೆ ಮೇಲ್ಪಟ್ಟ ಎಲ್ಲರೂ. ಎರಡನೆಯದರಲ್ಲಿ ‘ಹೆಚ್ಚು’ ಎಂದರೆ 141ರಿಂದ 160ರವರೆಗಿನವರು ಮಾತ್ರ. ಒಂದೇ ಶಬ್ದವನ್ನು ನಂಬಿ ಹೋಲಿಸಿದವನಿಗೆ ರೋಗವು ಇಳಿದಂತೆಯೂ ಕಾಣಬಹುದು! ಸಮೀಕ್ಷೆಯವರು ಐದನೆಯ ಸುತ್ತಿನ ಪತ್ರದಲ್ಲಿ ಹಿಂದಿನ ಸುತ್ತಿನ ಅಂಕಿಗಳ ಅಂಕಣವನ್ನು ಈ ಸಾಲುಗಳಲ್ಲಿ ತುಂಬದೆ ಬಿಟ್ಟಿರುವುದು ವಿವೇಕದ ಕೆಲಸ.

ಯಂತ್ರದ ದೋಷವು ಎರಡು ಬಗೆಯದೆಂಬುದನ್ನೂ ಇಲ್ಲಿ ನೆನೆಯಬೇಕು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಚೆದರುವ ದೋಷವು ಬಹುಜನರ ಸರಾಸರಿಯಲ್ಲಿ ಕರಗುವುದು ನಿಜ. ಆದರೆ ಸಮೀಕ್ಷೆಯು ಸರಾಸರಿಯನ್ನಲ್ಲ, ಒಂದು ಗೆರೆಯನ್ನು ದಾಟಿದವರನ್ನು ಎಣಿಸುತ್ತದೆ. 160ರ ಗೆರೆಯ ಸ್ವಲ್ಪ ಕೆಳಗಿರುವವರು ಸ್ವಲ್ಪ ಮೇಲಿರುವವರಿಗಿಂತ ಹೆಚ್ಚು ಮಂದಿಯಾದುದರಿಂದ, ತಪ್ಪಾಗಿ ಮೇಲಕ್ಕೆ ಹೋದವರು ತಪ್ಪಾಗಿ ಕೆಳಗಿಳಿದವರನ್ನು ಮೀರುವರು, ಎಣಿಕೆ ಉಬ್ಬುವುದು. ಯಂತ್ರವೇ ಒಂದು ಕಡೆಗೆ ವಾಲಿದ್ದರೆ ಎಷ್ಟು ಜನರನ್ನು ಪರೀಕ್ಷಿಸಿದರೂ ಆ ವಾಲು ಹೋಗದು. ಎರಡು ಯಂತ್ರಗಳ ಅಂಕಿಗಳು ಒಟ್ಟೊಟ್ಟಿಗೆ ಏರಿಳಿಯುವುದನ್ನು ತೋರಿಸಿ ಅವು ಸಮವೆಂದು ವಾದಿಸುವವರುಂಟು. ಪರಸ್ಪರ ಸಂಬಂಧವೇ ಬೇರೆ, ಹೊಂದಿಕೆಯೇ ಬೇರೆ ಎಂಬುದನ್ನು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿಯೇ ವಿಶದಪಡಿಸಿದರು. ಯಾವಾಗಲೂ ಹತ್ತು ನಿಮಿಷ ಮುಂದಿರುವ ಗಡಿಯಾರವು ಸರಿಯಾದ ಗಡಿಯಾರದೊಡನೆ ಎಷ್ಟು ಚೆನ್ನಾಗಿ ಹೆಜ್ಜೆ ಹಾಕಿದರೇನು, ರೈಲು ತಪ್ಪದಿದ್ದರೂ ಹೊತ್ತು ತಪ್ಪೇ.

ಸ್ಥಳದ ಗುಣವೂ ಅಂಕಿಯಲ್ಲಿ ಸೇರುತ್ತದೆ. ಪರೀಕ್ಷಾಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಉಷ್ಣತೆಯ ಆಸುಪಾಸಿಗಿಂತ ಮೇಲೆ ಇಡಬಾರದೆಂಬ ವಿಧಿಯಿದೆ. ಈ ಬಯಲುಸೀಮೆಯ ಬೇಸಿಗೆಯು 40ನ್ನು ಮುಟ್ಟುವಂಥದು. ರಕ್ತದಲ್ಲಿ ಕೆಂಪು ಕಣಗಳು ಬಹಳ ಕಡಿಮೆಯಾಗಿದ್ದರೆ ಅನೇಕ ಯಂತ್ರಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ. ಐದನೆಯ ಸುತ್ತಿನ ಸಮೀಕ್ಷೆಯೇ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿರುವುದನ್ನು ಕಂಡಿದೆ. ಅಲ್ಪ ರಕ್ತಹೀನತೆಯಿಂದ ಹೆಚ್ಚೇನೂ ಕೆಡದು, ಹೊಸ ಯಂತ್ರಗಳು ಇದನ್ನು ಸರಿಪಡಿಸಿಕೊಳ್ಳುವುದೂ ಉಂಟು. ತೀವ್ರವಾದ ರಕ್ತಹೀನತೆಯಲ್ಲಿ ಮಾತ್ರ ಅಂಕಿಯನ್ನು ಸಂಶಯದಿಂದ ನೋಡಬೇಕು. ಬೆರಳಿನ ಶುದ್ಧಿಯೂ ಇದೇ ಮಾತಿಗೆ ಸೇರಿದುದು. ಹಣ್ಣು ಸುಲಿದ ಕೈಯನ್ನು ನೀರಿನಿಂದ ತೊಳೆಯದೆ ಪರೀಕ್ಷಿಸಿದರೆ ಅಂಕಿಯು ಬಹಳವಾಗಿ ಏರುವುದೆಂದು ಜಪಾನಿನ ವೈದ್ಯರು 2011ರಲ್ಲಿ ಪ್ರಕಟಿಸಿದರು. ಕುಷ್ಟಗಿಯ ದಾಳಿಂಬೆ ತೋಟದಲ್ಲಿ ದುಡಿದು ಬಂದವರಿಗೆ ಇದು ದೂರದ ಮಾತಲ್ಲ.

ಇಷ್ಟೆಲ್ಲ ಹೇಳಬೇಕಾದುದಕ್ಕೆ ಕಾರಣವುಂಟು. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ ಗಂಗಾವತಿಯ ಕಡೆ ಜೋಳದ ಹೊಲಗಳು ಬತ್ತದ ಗದ್ದೆಗಳಾದುವು. ಕುಷ್ಟಗಿ ಯಲಬುರ್ಗಾಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಉಳಿದುವು. ಅನ್ನದ ಊರಿಗೂ ರೊಟ್ಟಿಯ ಊರಿಗೂ ಸಕ್ಕರೆ ಬೇನೆಯಲ್ಲಿ ಏನು ಭೇದವೆಂಬುದು ಆಕರ್ಷಕವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಊಹೆಯಿಂದಲೇ ಕೊಟ್ಟುಬಿಡುವವರೂ ಇದ್ದಾರೆ. ಮೇಲೆ ಹೇಳಿದ ಪತ್ರಗಳು ಜಿಲ್ಲೆಯನ್ನು ಒಂದಾಗಿ ಎಣಿಸಿದುವಲ್ಲದೆ ತಾಲ್ಲೂಕುಗಳನ್ನು ವಿಂಗಡಿಸಲಿಲ್ಲ. ಆದುದರಿಂದ ಆ ಊಹೆಗೆ ಅವುಗಳಿಂದ ಬಲವೂ ಬಾರದು, ಖಂಡನೆಯೂ ಬಾರದು. ಮುಂದೆ ಯಾರಾದರೂ ನಾಲ್ಕು ತಾಲ್ಲೂಕುಗಳಲ್ಲಿಯೂ ಪರೀಕ್ಷೆ ನಡೆಸುವುದಾದರೆ ಒಂದೇ ಜಾತಿಯ ಯಂತ್ರವನ್ನು ಬಳಸಿ, ಪರೀಕ್ಷಿತರಲ್ಲಿ ಒಂದು ಭಾಗದವರಿಂದಲಾದರೂ ಅದೇ ಹೊತ್ತಿಗೆ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಶಾಲೆಯಲ್ಲಿ ಅಳೆದು ಹೋಲಿಸತಕ್ಕದ್ದು. 2015ರಲ್ಲಿ ಕೊಪ್ಪಳದಲ್ಲಿಯೇ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿರುವುದರಿಂದ ಇದು ಅಸಾಧ್ಯವೇನೂ ಅಲ್ಲ.

ನಮ್ಮ ದತ್ತಿಶಾಸನಗಳಲ್ಲಿ ಇಷ್ಟು ಮತ್ತರು ಭೂಮಿಯೆಂದು ಹೇಳುವಾಗ ಅನೇಕ ಕಡೆ ಯಾವ ಗಳೆಯಿಂದ ಅಳೆದುದೆಂಬುದನ್ನೂ ಹೆಸರಿಸಿರುವುದು ಅಭ್ಯಾಸಿಗಳಿಗೆ ತಿಳಿದುದೇ. ಊರಿಂದೂರಿಗೆ ಗಳೆಯ ಉದ್ದ ಬೇರೆಯಾಗಿದ್ದುದರಿಂದ, ಗಳೆಯ ಹೆಸರಿಲ್ಲದ ಮತ್ತರಿಗೆ ಅರ್ಥವಿರಲಿಲ್ಲ. ಕೊಪ್ಪಳದ ಅಂಕಿಗಳನ್ನು ಉದ್ಧರಿಸುವವರು ಅಂಕಿಯ ಪಕ್ಕದಲ್ಲಿ ಸುತ್ತಿನ ವರ್ಷ, ಯಂತ್ರದ ಹೆಸರು, ವಯೋಮಿತಿ, ‘ಹೆಚ್ಚು’ ಎಂಬುದರ ಗೆರೆ ಈ ನಾಲ್ಕನ್ನು ಬರೆದರೆ ಒಂದು ಸಾಲಿಗಿಂತ ಹೆಚ್ಚು ಸ್ಥಳ ಬೇಕಾಗದು.