ಗುಂಡ್ಯದಲ್ಲಿ ಬಸ್ಸು ನಿಂತಾಗ ಸಿಕ್ಕಿದ ರಾಜಾ ರಾಮಣ್ಣ

ಮಳೆಗಾಲದ ಭಾನುವಾರ ರಾತ್ರಿ ಊರಿಂದ ಬೆಂಗಳೂರಿಗೆ ಹೊರಟವರಿಗೆ ಗುಂಡ್ಯ ಚೆನ್ನಾಗಿ ಗೊತ್ತು. ಮೇಲೆ ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ನಿಲ್ಲುವುದು ಇಲ್ಲೇ. ಹೋದ ಸಲ ಹಾಗೆ ನಿಂತಾಗ ಪಕ್ಕದ ಸೀಟಿನ ಇಂಜಿನಿಯರಿಂಗ್ ಹುಡುಗನೊಬ್ಬ ಮೊಬೈಲಿನಲ್ಲಿ ಪೋಖ್ರಾನ್ ವಿಡಿಯೋ ನೋಡ್ತಾ ಇದ್ದ. 'ಬಾಂಬ್ ಮಾಡಿದವರಿಗೆ ಬಾಂಬಿನ ಭಯ ಇರಲ್ವಾ ಸಾರ್?' ಅಂತ ಕೇಳಿದ. ಹೊರಗೆ ಹೊಳೆಯ ಸದ್ದು, ಒಳಗೆ ಟೈಮೋ ಟೈಮು. ತುಮಕೂರಿನ ರಾಮಣ್ಣನವರ ಕತೆ ಶುರುಮಾಡಿದೆ.

1925ರ ಜನವರಿ 28ರಂದು ಹುಟ್ಟಿದವರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್.ಡಿ., ಆಮೇಲೆ ಹೋಮಿ ಭಾಭಾ ಅವರ ಬಳಗ. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಹೊತ್ತಿಗೆ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ನಿರ್ದೇಶಕರು. ಸರ್ಕಾರ ಅದನ್ನು 'ಶಾಂತಿಯುತ ಸ್ಫೋಟ' ಅಂದಿತು. ಜಗತ್ತು ನಂಬಲಿಲ್ಲ. ಪ್ಲುಟೋನಿಯಂ ಬಂದದ್ದು ಕೆನಡಾ ನೆರವಿನಿಂದ ಕಟ್ಟಿದ ಸೈರಸ್ ರಿಯಾಕ್ಟರಿನಿಂದ. ಕೆನಡಾ ಸಿಟ್ಟಾಗಿ ಕೈಬಿಟ್ಟಿತು. ಪರಮಾಣು ಸಾಮಗ್ರಿ ಪೂರೈಸುವ ದೇಶಗಳು ಒಂದು ಗುಂಪು ಕಟ್ಟಿಕೊಂಡು ಬಾಗಿಲು ಹಾಕಿದವು. 1997ರಲ್ಲಿ ರಾಮಣ್ಣನವರೇ ಅದು ಬಾಂಬೇ ಆಗಿತ್ತು ಅಂತ ಒಪ್ಪಿಕೊಂಡರು. ಇಪ್ಪತ್ಮೂರು ವರ್ಷ ಬೇಕಾಯ್ತು. ನನಗೆ ಅವರ ಬಗ್ಗೆ ಇರುವ ತಕರಾರು ಬಾಂಬಿಗಿಂತ ಹೆಚ್ಚಾಗಿ ಆ ಇಪ್ಪತ್ಮೂರು ವರ್ಷದ್ದು.

ಆದರೆ ಹುಡುಗನ ಪ್ರಶ್ನೆಗೆ ಉತ್ತರ ಇರುವುದು 1980ರ ದಶಕದಲ್ಲಿ. 1981ರಲ್ಲಿ ಇಸ್ರೇಲ್ ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರನ್ನು ಹೊಡೆದುಹಾಕಿದವು. ಭಾರತವೂ ಪಾಕಿಸ್ತಾನದ ಕಹುಟಾಕ್ಕೆ ಹಾಗೇ ಮಾಡಬಹುದು ಅನ್ನುವ ಗುಸುಗುಸು ಹುಟ್ಟಿತು. 1983ರಲ್ಲಿ ವಿಯೆನ್ನಾದಲ್ಲಿ ಪಾಕಿಸ್ತಾನ ಅಣುಶಕ್ತಿ ಆಯೋಗದ ಮುನೀರ್ ಅಹ್ಮದ್ ಖಾನ್, ನೀವು ಕಹುಟಾ ಮುಟ್ಟಿದರೆ ನಾವು ಟ್ರಾಂಬೆ ಮುಟ್ಟುತ್ತೇವೆ ಎಂದು ರಾಮಣ್ಣನವರಿಗೆ ತಿಳಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಟ್ರಾಂಬೆ ಅಂದ್ರೆ ಮುಂಬೈ, ಮಾರಾಯ! ಒಡೆದ ರಿಯಾಕ್ಟರಿನಿಂದ ಏನು ಹೊರಗೆ ಬರುತ್ತೆ, ಗಾಳಿ ಅದನ್ನು ಎಲ್ಲಿಗೆ ಒಯ್ಯುತ್ತೆ ಅನ್ನುವುದು ಪರಮಾಣು ವಿಜ್ಞಾನಿಗೆ ಬಿಡಿಸಿ ಹೇಳಬೇಕಾಗಿಲ್ಲ.

1985ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಮತ್ತು ಜಿಯಾ, ಒಬ್ಬರ ಪರಮಾಣು ಸ್ಥಾವರಗಳನ್ನು ಇನ್ನೊಬ್ಬರು ಹೊಡೆಯಬಾರದು ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಬರಹದ ಒಪ್ಪಂದವಾದದ್ದು 1988ರ ಡಿಸೆಂಬರ್ 31ರಂದು, ಇಸ್ಲಾಮಾಬಾದಿನಲ್ಲಿ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆದಮೇಲೂ ನಿಂತಿಲ್ಲ. ವಿದ್ಯುತ್ ರಿಯಾಕ್ಟರುಗಳೂ ಇದರಲ್ಲಿ ಸೇರುತ್ತವೆ, ಅಂದರೆ ಇದೇ ಘಟ್ಟಸಾಲಿನಲ್ಲಿ ಉತ್ತರಕ್ಕಿರುವ ನಮ್ಮ ಕೈಗಾದಂಥವೂ.

ರಾಮಣ್ಣ ಈ ನಡುವೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಚೆರ್ನೋಬಿಲ್ ಆದ 1986ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಹಾಧಿವೇಶನಕ್ಕೂ ಅಧ್ಯಕ್ಷರು. 1988ರಲ್ಲಿ ಬೆಂಗಳೂರಿಗೆ ಬಂದು ಜೆ.ಆರ್.ಡಿ. ಟಾಟಾ ಕಲ್ಪನೆಯ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು. 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಬಾಂಬ್ ವಿರೋಧಿ ಅಂತ ಅವರನ್ನು ಕರೆಯೋಕೆ ಆಗಲ್ಲ, ಕರೆದರೆ ಅದು ಸುಳ್ಳು.

'ಹಾಗಾದ್ರೆ ಒಪ್ಪಂದದಲ್ಲಿ ಅವರ ಸಹಿ ಇದೆಯಾ?' ಅಂದ ಹುಡುಗ. ಇಲ್ಲ. ಸಹಿ ಇಬ್ಬರು ವಿದೇಶಾಂಗ ಕಾರ್ಯದರ್ಶಿಗಳದ್ದು, ಕೆ.ಪಿ.ಎಸ್. ಮೆನನ್ ಮತ್ತು ಹುಮಾಯೂನ್ ಖಾನ್. ಅವನು ಇನ್ನೇನೋ ಕೇಳುವಷ್ಟರಲ್ಲಿ ಮುಂದಿನ ಲಾರಿ ಕದಲಿತು, ಕಂಡಕ್ಟರ್ ಎಲ್ಲರನ್ನೂ ಹತ್ತಿಸಿಕೊಂಡ.