ಆಢ್ಯವಾತ: ಸುರಂಜನದಿಂದ ಅಲೋಪ್ಯುರಿನಾಲ್‌ವರೆಗೆ

ರಾತ್ರಿ ಮಲಗುವಾಗ ನೆಟ್ಟಗಿದ್ದ ಕಾಲಿನ ಹೆಬ್ಬೆರಳ ಬುಡ ಬೆಳಗಿನ ಜಾವಕ್ಕೆ ಊದಿ ಕೆಂಪಾಗಿ, ಹೊದಿಕೆ ತಾಕಿದರೂ ಪ್ರಾಣ ಹೋದಂತಾಗುವ ಗೌಟ್ ರೋಗ ನಮ್ಮಲ್ಲಿಗೆ ಇಂಗ್ಲಿಷರ ಜತೆ ಬಂದದ್ದೆಂದು ತಿಳಿದವರಿದ್ದಾರೆ. ಹಾಗೇನಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವೆಲ್ಲ ‘ವಾತರಕ್ತ’ಕ್ಕೇ ಮೀಸಲು. ವಾತರಕ್ತವೆಂದದ್ದೆಲ್ಲ ಗೌಟ್ ಅಲ್ಲವಾದರೂ ಗೌಟ್ ಅದರೊಳಗೆ ಅಡಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಅದೇ ಗ್ರಂಥ ಈ ರೋಗಕ್ಕೆ ಕೊಡುವ ಇನ್ನೊಂದು ಹೆಸರು ‘ಆಢ್ಯವಾತ’, ಎಂದರೆ ಸಿರಿವಂತರ ವಾತ. ಯುರೋಪಿನಲ್ಲಿಯೂ ಇದನ್ನು ರಾಜರ ರೋಗವೆಂದೇ ಕರೆದರು. ಈ ಹೆಸರೇ ನಮ್ಮ ಪಾಲಿಗೆ ತೊಡಕಾಗಿದೆ. ಲೋಕಲ್ ರೈಲಿನಲ್ಲಿ ನಿಂತು ಓಡಾಡುವ ಗುಮಾಸ್ತನಿಗೆ, ದಿನವಿಡೀ ಒಲೆಯ ಮುಂದೆ ನಿಲ್ಲುವ ಹೋಟೆಲಿನವನಿಗೆ ಸಿರಿವಂತರ ರೋಗ ಬಂದೀತೆಂದು ಯಾರೂ ಎಣಿಸುವುದಿಲ್ಲ. ಉಳುಕೆಂದೋ ವಾಯುವೆಂದೋ ಎಣ್ಣೆ ತಿಕ್ಕಿಕೊಂಡು ವರ್ಷಗಳನ್ನು ಕಳೆಯುತ್ತಾರೆ.

ಮುಂಬಯಿ ಪೇಟೆಯ ಗ್ರಂದಿಗೆ ಅಂಗಡಿಗಳಿಗೆ ಈ ರೋಗದ ಪರಿಚಯ ಹಳೆಯದು. ಯುನಾನಿ ಹಕೀಮರು ಕೀಲುನೋವಿಗೆ ಕೊಡುತ್ತಿದ್ದ ಸುರಂಜನವೆಂಬ ಗಡ್ಡೆ ಸಿಹಿ, ಕಹಿ ಎಂಬ ಎರಡು ಬಗೆಯಲ್ಲಿ ಇಲ್ಲಿ ಮಾರಾಟವಾಗುತ್ತಿತ್ತು. ಮುಂಬಯಿ ಸರಕಾರದ ಔಷಧ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಡೈಮಾಕ್, ವಾರ್ಡನ್ ಮತ್ತು ಹೂಪರ್ ಜತೆಗೂಡಿ 1890ರಿಂದ 1893ರವರೆಗೆ ಹೊರತಂದ ‘ಫಾರ್ಮಕೋಗ್ರಾಫಿಯಾ ಇಂಡಿಕಾ’ದಲ್ಲಿ ಇಂಥ ಪೇಟೆಯ ಮದ್ದುಗಳ ವಿವರವಿದೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ನಮ್ಮ ಕರಾವಳಿಯವರಿಗೆ ಈ ಪೇಟೆ ಇನ್ನಷ್ಟು ಹತ್ತಿರವಾಯಿತು. ಮುಂದೆ ಕೆ. ಎಂ. ನಾಡಕರ್ಣಿಯವರು ‘ಇಂಡಿಯನ್ ಮೆಟೀರಿಯಾ ಮೆಡಿಕಾ’ ಬರೆದರು. ಅದರ ಪರಿಷ್ಕೃತ ಆವೃತ್ತಿಯನ್ನು 1954ರಲ್ಲಿ ಪ್ರಕಟಿಸಿದ್ದು ಮುಂಬಯಿಯ ಪಾಪ್ಯುಲರ್ ಬುಕ್ ಡಿಪೋ. ಅದನ್ನು ಸ್ಥಾಪಿಸಿದವರು ಭಟ್ಕಳ ಮನೆತನದವರು. ನಾಡಕರ್ಣಿ, ಭಟ್ಕಳ ಎಂಬ ಹೆಸರುಗಳು ಯಾವ ಊರಿನ ಕಡೆ ಬೆರಳು ತೋರುತ್ತವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಕಹಿ ಸುರಂಜನದ ಬಳಗಕ್ಕೆ ಸೇರಿದ ಗಡ್ಡೆಯೇ ಯುರೋಪಿನಲ್ಲಿಯೂ ಗೌಟಿನ ಮದ್ದಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಗೆ ಹುಸೋನ್ ಎಂಬ ಫ್ರೆಂಚ್ ಸೈನ್ಯಾಧಿಕಾರಿ ಗುಟ್ಟಿನ ದ್ರವವೊಂದನ್ನು ಮಾರಿ ಹೆಸರು ಮಾಡಿದ; ಅದರಲ್ಲಿದ್ದುದು ಈ ಗಿಡವೇ ಎಂದು 1814ರಲ್ಲಿ ಲಂಡನ್ನಿನ ವೈದ್ಯನೊಬ್ಬ ಪತ್ತೆ ಮಾಡಿದ. 1820ರಲ್ಲಿ ಪೆಲ್ಲೆಟಿಯೆ ಮತ್ತು ಕಾವೆಂಟು ಅದರ ಸಾರವನ್ನು ಬೇರ್ಪಡಿಸಿದರು. ಇಂದಿನ ಕಾಲ್ಚಿಸೀನ್ ಮಾತ್ರೆ ಅದೇ. ಗುಟ್ಟಿನ ಮದ್ದಿನ ವ್ಯಾಪಾರ ಹುಸೋನನೊಂದಿಗೆ ಮುಗಿಯಲಿಲ್ಲವೆನ್ನಿ. ‘ವಾತನಾಶಕ’ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದುದು ಎಷ್ಟೋ ಸಲ ಬಯಲಾಗಿದೆ.

ಆದರೆ ಕಾಲ್ಚಿಸೀನ್ ಉರಿಯನ್ನು ಆರಿಸುತ್ತದೆಯೇ ಹೊರತು ಬೆಂಕಿಯ ಸೌದೆಯನ್ನು ತೆಗೆಯುವುದಿಲ್ಲ. ಆ ಸೌದೆ ಯೂರಿಕ್ ಆಮ್ಲ. ಅದನ್ನು 1776ರಲ್ಲಿ ಮೂತ್ರದ ಕಲ್ಲಿನಲ್ಲಿ ಕಂಡವನು ಷೀಲೆ. ಗೌಟ್ ರೋಗಿಯ ರಕ್ತದಲ್ಲಿ ಅದು ಹೆಚ್ಚಿರುವುದನ್ನು 1848ರಲ್ಲಿ ತೋರಿಸಿದವನು ಲಂಡನ್ನಿನ ಗ್ಯಾರೊಡ್. ಕಾರಣ ತಿಳಿದರೂ ಅದರ ಉತ್ಪತ್ತಿಯನ್ನೇ ತಡೆಯುವ ಮದ್ದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಮೆರಿಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರಕ್ತದ ಕ್ಯಾನ್ಸರಿನ ಔಷಧಿಗೆ ಬಲ ಕೊಡಲೆಂದು ಪರೀಕ್ಷಿಸುತ್ತಿದ್ದ ಅಲೋಪ್ಯುರಿನಾಲ್, ಯೂರಿಕ್ ಆಮ್ಲವನ್ನು ಇಳಿಸುವುದು ಕಂಡುಬಂತು. 1966ರಲ್ಲಿ ಅಲ್ಲಿ ಗೌಟಿಗೆ ಮಂಜೂರಾತಿ ದೊರೆಯಿತು. 1988ರಲ್ಲಿ ಇಬ್ಬರೂ ನೊಬೆಲ್ ಬಹುಮಾನ ಹಂಚಿಕೊಂಡರು.

ಈ ಇತಿಹಾಸವನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ನಮ್ಮವರಲ್ಲಿ ಬಹಳ ಮಂದಿ ಎರಡು ಮದ್ದುಗಳನ್ನೂ ಒಂದೇ ಎಂದು ತಿಳಿದು, ನೋವು ಹೋದೊಡನೆ ಎರಡನ್ನೂ ನಿಲ್ಲಿಸುತ್ತಾರೆ. ಅಲೋಪ್ಯುರಿನಾಲ್ ನೋವಿನ ಮಾತ್ರೆಯಲ್ಲ. ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ರಕ್ತ ನೋಡುತ್ತಾ ಏರಿಸಿ, 100 ಮಿಲಿಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ಇಳಿಸಿ ಅಲ್ಲಿಯೇ ನಿಲ್ಲಿಸಬೇಕು. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ನೋವು ಮರುಕಳಿಸುವುದುಂಟು. ಮದ್ದು ಒಗ್ಗಲಿಲ್ಲವೆಂದು ಕೈಬಿಡುವುದು ಆಗಲೇ. ಅದಕ್ಕಾಗಿಯೇ ವೈದ್ಯರು ಜತೆಗೆ ಸ್ವಲ್ಪ ಕಾಲ್ಚಿಸೀನ್ ಕೊಡುತ್ತಾರೆ. ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅಲೋಪ್ಯುರಿನಾಲ್ ನಿಲ್ಲಿಸಿ ಕೂಡಲೇ ಅವರನ್ನು ಕಾಣತಕ್ಕದ್ದು.

ಪಥ್ಯದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬೇಳೆ, ಸೊಪ್ಪು, ಹೂಕೋಸುಗಳನ್ನೇ ಮೊದಲು ಓಡಿಸುತ್ತಾರೆ. ಪಾಪ, ತೊವ್ವೆಯ ಮೇಲೆ ಇಷ್ಟು ಸಿಟ್ಟೇಕೆ? ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯ ಹೆಚ್ಚಿಸಿದವು ಮಾಂಸ ಮತ್ತು ಮೀನು, ಸೊಪ್ಪುತರಕಾರಿಗಳಲ್ಲ. ಹಾಲಿನ ಪದಾರ್ಥ ತಿನ್ನುವವರಲ್ಲಿ ರೋಗ ಕಡಿಮೆಯೇ ಇತ್ತು. ಕರಾವಳಿಯವರಿಗೆ ಇದು ಕಹಿ ಸುದ್ದಿ: ಬೂತಾಯಿ (ಇಲ್ಲಿಯವರ ತಾರ್ಲಿ), ಬಂಗುಡೆ, ಮರುವಾಯಿಗಳಿಗೆ ಮಿತಿ ಬೇಕು. ಬಿಯರ್ ಮತ್ತು ಸಕ್ಕರೆ ತುಂಬಿದ ಬಾಟಲಿ ಪಾನೀಯಗಳನ್ನು ಬಿಡುವುದೇ ಲೇಸು. ಮೈಭಾರ ಇಳಿಸಬೇಕು, ಆದರೆ ಉಪವಾಸದಿಂದಲ್ಲ. ಕಠಿಣ ಉಪವಾಸವೇ ರೋಗವನ್ನು ಕೆರಳಿಸುತ್ತದೆ. ಏಕಾದಶಿ ಮಾಡುವವರು ನೀರಾದರೂ ಕುಡಿಯಲಿ. ಪಥ್ಯವೊಂದರಿಂದಲೇ ಯೂರಿಕ್ ಆಮ್ಲ ಇಳಿಯುವುದು ಅಲ್ಪ, ಹೆಚ್ಚೆಂದರೆ ಒಂದು ಮಿಲಿಗ್ರಾಂ. ಆದ್ದರಿಂದ ಪದೇ ಪದೇ ನೋವು ಬರುವವನಿಗೆ ಅದಷ್ಟೇ ಸಾಲದು.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯಕ್ಕೆಂದು ದಿನಾ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರು ಅದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಎರಡೂ ಯೂರಿಕ್ ಆಮ್ಲವನ್ನು ಏರಿಸಬಲ್ಲವು. ತಾವಾಗಿಯೇ ನಿಲ್ಲಿಸಬಾರದು. ಕಾಲ್ಚಿಸೀನ್ ಮಾತ್ರ ಯಾರೂ ಅಂದಾಜಿನಲ್ಲಿ ನುಂಗಬಾರದು. ಅಳತೆ ಮೀರಿದರೆ ಅದು ವಿಷ; ಮೂತ್ರಪಿಂಡ ಸೋತವರಿಗಂತೂ ಆ ಅಳತೆ ಇನ್ನೂ ಚಿಕ್ಕದು.